ಮಂಡ್ಯದ ಬಯಲಿನಲ್ಲಿ ಮೋಟಾರು ಸೈಕಲ್ ಸಂಚಾರ

ಮೋಟಾರು ಸೈಕಲನ್ನೇರಿ ಸಂತೋಷಪಡಬೇಕಾದರೆ ಆಗುಂಬೆಯ ತಿರುವುಗಳಾಗಲಿ ಚಾರ್ಮಾಡಿಯ ಇಳಿಜಾರಾಗಲಿ ಇರಲೇಬೇಕೆಂದು ನಮ್ಮ ತರುಣರು ನಂಬಿರುವರು. ಮಂಡ್ಯದ ನಿವಾಸಿಗಳಾದ ನಮಗೆ ಆ ಭಾಗ್ಯವಿಲ್ಲ. ಇಲ್ಲಿ ಕಣ್ಣು ಹರಿದಷ್ಟು ದೂರವೂ ಕಬ್ಬು. ಕಬ್ಬು ಮುಗಿದಲ್ಲಿ ಭತ್ತ. ಕಳೆದ ಸಂಕ್ರಾಂತಿಗೆ ಬಂದಿದ್ದ ನಮ್ಮ ಸೋದರಳಿಯನು, "ಮಾವ, ನಿಮ್ಮೂರಿನ ರಸ್ತೆಯಲ್ಲಿ ಗಾಡಿ ಓಡಿಸುತ್ತಲೇ ಒಂದು ನಿದ್ದೆ ತೆಗೆಯಬಹುದು" ಎಂದನು. ನಾವು ಉತ್ತರ ಕೊಡಲಿಲ್ಲ. ಮರುದಿನ ಬೆಳಗ್ಗೆ ಸಿದ್ಧನಾಗಿರು ಎಂದಷ್ಟೇ ಹೇಳಿದೆವು.

ನಮ್ಮ ವಾಹನವು ಮೈಸೂರಿನಲ್ಲಿಯೇ ಹುಟ್ಟಿದ ಯೆಜ್ದಿ. ಅದನ್ನು ಹೆತ್ತ ಕಾರ್ಖಾನೆಯ ಕೆಲಸ 1996ರಲ್ಲಿ ನಿಂತಿತು. ನಾವು ಶಾಲೆಯಿಂದ ನಿವೃತ್ತರಾದೆವು. ಅದು ಮಾತ್ರ ಹೊಗೆಯುಗುಳುತ್ತ ಇನ್ನೂ ಸೇವೆಯಲ್ಲಿದೆ. ಬೆಂಗಳೂರು-ಮೈಸೂರುಗಳ ಹೊಸ ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥವು ದ್ವಿಚಕ್ರಿಗಳಿಗೆ ನಿಷಿದ್ಧವಾಯಿತು. ಅಪಘಾತಗಳನ್ನು ನೆನೆದರೆ ಆ ನಿಷೇಧವು ಯುಕ್ತವೇ ಸರಿ. ಆದರೂ ಪಕ್ಕದ ಸರ್ವಿಸ್ ರಸ್ತೆಯ ಧೂಳು ಕುಡಿಯುತ್ತ ಹೋಗುವಾಗ ನಮಗೆ ಸಿಟ್ಟು ಬಂದುದುಂಟು. ಆ ಸಿಟ್ಟೇ ನಮ್ಮ ಕೈಗೆ ನಕ್ಷೆಯನ್ನು ಕೊಟ್ಟಿತು.

ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗಳಲ್ಲಿ ಒಂದೇ ಎತ್ತರದ ನೆಲಗಳನ್ನು ಕೂಡಿಸುವ ಗೆರೆಗಳಿರುವುವು. ಗೆರೆಗಳು ಒತ್ತಾಗಿದ್ದರೆ ಬೆಟ್ಟ, ವಿರಳವಾಗಿದ್ದರೆ ಬಯಲು. ನಮ್ಮ ಸೀಮೆಯಲ್ಲಿ ಅವು ಬಲು ವಿರಳ. ಆದರೆ ಅವುಗಳ ನಡುವೆ ನೀಲಿಯ ಗೆರೆಯೊಂದು ಹಾವಿನಂತೆ ಸುಳಿದು ಹೋಗುವುದನ್ನು ಕಂಡೆವು. ಅದು ಕನ್ನಂಬಾಡಿಯ ಅಣೆಕಟ್ಟಿನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ.

ನಾಲೆಯು ಏಕೆ ಸುಳಿಯುವುದು? ನೀರು ದಿಣ್ಣೆಯನ್ನು ಹತ್ತಲಾರದು. ಹಳ್ಳಕ್ಕೆ ಧುಮುಕಿದರೆ ಮುಂದಿನ ಹೊಲಗಳಿಗೆ ದಕ್ಕದು. ಆದುದರಿಂದ ಇಂಜಿನಿಯರರು ಅದನ್ನು ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ, ಪ್ರತಿಯೊಂದು ದಿಣ್ಣೆಯನ್ನೂ ಬಳಸಿ, ಪ್ರತಿಯೊಂದು ತಗ್ಗಿನ ಅಂಚನ್ನೂ ಹಿಡಿದು ಒಯ್ಯಬೇಕು. ಬಳಸಲಾಗದ ದಿಣ್ಣೆ ಎದುರಾದರೆ ಸುರಂಗ; ಹುಲಿಕೆರೆಯಲ್ಲಿ ಆದುದು ಹಾಗೆಯೇ. ಗ್ರಹಗಳ ವಕ್ರಗತಿಗೆ ಜೋಯಿಸರು ಹೆದರುವರು. ನಾಲೆಯ ವಕ್ರಗತಿಯಿಂದ ನಾವು ಅನ್ನ ಉಣ್ಣುವೆವು. ಆ ನಾಲೆಯ ಏರಿಯ ಮೇಲಿನ ದಾರಿಯೂ ನಾಲೆಯೊಡನೆಯೇ ಬಳುಕುವುದು. ಬಯಲಿನಲ್ಲಿ ತಿರುವು ಬೇಕಾದವರು ನೀರನ್ನು ಹಿಂಬಾಲಿಸಬೇಕೆಂಬ ಗುಟ್ಟು ನಮಗೆ ಹೀಗೆ ತಿಳಿಯಿತು. ಕೆರೆಯ ಏರಿಗಳೂ ಹಾಗೆಯೇ: ಏರಿಯ ಮೇಲೆ ತಂಗಾಳಿ, ಕೋಡಿಯ ಬಳಿ ಒಂದು ತಿರುವು, ಮುಂದೆ ಹುಣಿಸೆಮರಗಳ ನೆರಳು.

ಆದರೆ ಇದು ನಿರಪಾಯವಾದ ವಿನೋದವೆಂದು ಯಾರೂ ಭಾವಿಸಬಾರದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನರು ಮಡಿದರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಮೇಷ್ಟರಾಗಿದ್ದ ನಮಗೆ ಆ ದಿನವನ್ನು ಮರೆಯುವುದು ಸಾಧ್ಯವಿಲ್ಲ. ಆದುದರಿಂದ ನೀರು ನಮ್ಮ ಬಲಕ್ಕೆ ಬರುವಂತೆ ಸವಾರಿಯ ದಿಕ್ಕನ್ನು ಆರಿಸಿಕೊಳ್ಳುವೆವು. ಎಡಬದಿಯಲ್ಲಿ ಹೋಗುವವರಿಗೆ ಆಗ ನಾಲೆಯ ಅಂಚು ದೂರವಾಗುವುದು. ಗಂಟೆಗೆ 30 ಕಿಲೋಮೀಟರು ಮೀರುವುದಿಲ್ಲ. ಸಂಜೆಯಾದ ಮೇಲೆ ಆ ಕಡೆ ಸುಳಿಯುವುದಿಲ್ಲ, ಏಕೆಂದರೆ ಹಿಂದೀಪವಿಲ್ಲದ ಕಬ್ಬಿನ ಟ್ರಾಕ್ಟರು ಕತ್ತಲಲ್ಲಿ ಕತ್ತಲೇ ಆಗಿರುವುದು.

ಸೋದರಳಿಯನಿಗೆ ಇದನ್ನೆಲ್ಲ ಹೇಳಿಯೇ ಕರೆದೊಯ್ದೆವು. ಪಾಂಡವಪುರವನ್ನು ದಾಟಿದೆವು, ಹೈದರ್-ಟಿಪ್ಪುಗಳ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಕುಂತಿಬೆಟ್ಟದ ಬಂಡೆಗಳನ್ನು ನೋಡಿಕೊಂಡು ತೊಣ್ಣೂರು ಕೆರೆಯ ಕಡೆಗೆ ತಿರುಗಿದೆವು. ತಿರುವಿಗೆ ಮುಂಚೆಯೇ ವೇಗವನ್ನಿಳಿಸಬೇಕು, ತಿರುವಿನೊಳಗೆ ಬ್ರೇಕು ಹಿಡಿಯಬಾರದು, ದೃಷ್ಟಿಯು ತಿರುವಿನ ಕೊನೆಯಲ್ಲಿರಬೇಕು. ದೃಷ್ಟಿ ಹೋದತ್ತ ಗಾಡಿ ಹೋಗುವುದು. ಹುಡುಗನು ತಲೆಯಾಡಿಸಿದನು, ಮುಂದೆ ಹಾರಿದನು.

ಹಳ್ಳಿಯೊಂದರ ಬಳಿ ರೈತರು ಹುರುಳಿಯನ್ನು ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಇದು ನಿತ್ಯದ ನೋಟ. ವಾಹನಗಳ ಚಕ್ರಗಳೇ ರೋಣಗಲ್ಲು. ಅದರ ಮೇಲೆ ವಾಲದೆ, ಬ್ರೇಕು ಹಾಕದೆ, ನೆಟ್ಟಗೆ ಮೆಲ್ಲನೆ ಸಾಗಬೇಕು. ಅವನು ಬ್ರೇಕು ಹಾಕಿದನು. ಗಾಡಿ ಒಂದು ಕಡೆಗೆ, ಅವನು ಇನ್ನೊಂದು ಕಡೆಗೆ. ಶಿರಸ್ತ್ರಾಣವಿದ್ದುದರಿಂದ ತಲೆ ಉಳಿಯಿತು. ಮೊಣಕಾಲಿನ ಚರ್ಮ ಉಳಿಯಲಿಲ್ಲ. ಕಣದವರೇ ಎತ್ತಿ ಕೂರಿಸಿ ನೀರು ಕೊಟ್ಟರು. "ನಿಧಾನವಾಗಿ ಬರಬಾರದಾ, ಮಗ?" ಎಂದ ಅಜ್ಜಿಗೆ ಅವನಲ್ಲಿ ಉತ್ತರವಿರಲಿಲ್ಲ.

ಮೇಲುಕೋಟೆಯ ಏರನ್ನು ಅಂದು ಹತ್ತಲಿಲ್ಲ. ಹಿಂತಿರುಗುವಾಗ ಅವನು ನಮ್ಮ ಹಿಂದೆಯೇ ಬಂದನು. ಆಲೆಮನೆಯೊಂದರ ಮುಂದೆ ನಿಂತು, ಕೊಪ್ಪರಿಗೆಯಿಂದೇಳುವ ಬೆಲ್ಲದ ಹಬೆಯ ಪರಿಮಳದಲ್ಲಿ ಕಬ್ಬಿನ ಹಾಲು ಕುಡಿದೆವು. ಬೆಳಗ್ಗೆ ಇದೇ ಆಲೆಮನೆಯನ್ನು ದಾಟಿ ಹೋಗಿದ್ದೆವೆಂದರೆ ಅವನು ನಂಬಲಿಲ್ಲ. ಅವನು ಅದನ್ನು ಕಂಡೇ ಇರಲಿಲ್ಲ.

ಮನೆಯಲ್ಲಿ ನಮಗಾದ ಮಂಗಳಾರತಿಯನ್ನು ಇಲ್ಲಿ ವರ್ಣಿಸುವುದಿಲ್ಲ. "ಅರವತ್ತು ತುಂಬಿದವರಿಗೆ ಬುದ್ಧಿಯೂ ತುಂಬಬೇಕಲ್ಲವೇನ್ರೀ?" ಎಂದು ಮನೆಯವರು ಕೇಳಿದ್ದು ಅದರ ಆರಂಭ ಮಾತ್ರ. ಮರುದಿನ ಬೆಳಗ್ಗೆ ನಾವೇಳುವ ಹೊತ್ತಿಗೆ ಹುಡುಗನು ಕಟ್ಟು ಕಟ್ಟಿದ ಕಾಲನ್ನು ನೀಡಿಕೊಂಡು, ಪಡಸಾಲೆಯಲ್ಲಿ ನಕ್ಷೆಯನ್ನು ಹಾಸಿ, ನೀಲಿಯ ಗೆರೆಯ ಮೇಲೆ ಬೆರಳಾಡಿಸುತ್ತಿದ್ದನು. ಬೆರಳು ಆಗಲೇ ಮದ್ದೂರಿನ ಹತ್ತಿರ ಬಂದಿತ್ತು.