ಪಳಗಿದ ಮೇಲೆ ಏಳುವ ನೊರೆ

ಹಂದಿಗೂದಲಿನ ಶೇವಿಂಗ್ ಬ್ರಷ್ ಅಂಗಡಿಯಿಂದ ಮನೆಗೆ ಬರುವಾಗ ಅರ್ಧ ಮಾತ್ರ ತಯಾರಾಗಿರುತ್ತದೆ. ಉಳಿದರ್ಧ ಕೆಲಸ ಕೊಂಡವರ ಬಚ್ಚಲುಮನೆಯಲ್ಲಿ, ಬಿಸಿನೀರು ಮತ್ತು ಸೋಪಿನಿಂದ ಆಗಬೇಕು. ಇದು ಗೊತ್ತಿಲ್ಲದೆ ಮೊದಲ ವಾರದಲ್ಲೇ ‘ಚುಚ್ಚುತ್ತದೆ, ವಾಸನೆ ಹೊಡೆಯುತ್ತದೆ, ನೊರೆ ನಿಲ್ಲುವುದಿಲ್ಲ’ ಎಂದು ಮೂಲೆಗೆ ಎಸೆದವರು ಬಹಳ ಮಂದಿ. ಹೊಸ ಕಬ್ಬಿಣದ ಕಾವಲಿಯಿಂದ ಮೊದಲ ದೋಸೆ ಏಳದಿದ್ದರೆ ಯಾರೂ ಕಾವಲಿಯನ್ನು ಎಸೆಯುವುದಿಲ್ಲ; ಎಣ್ಣೆ ಸವರಿ, ಈರುಳ್ಳಿ ತಿಕ್ಕಿ ಪಳಗಿಸುತ್ತೇವೆ. ಈ ಬ್ರಷ್ಷಿಗೂ ಅಷ್ಟು ಸಹನೆ ಸಲ್ಲಬೇಕು.

ಹಂದಿಯ ಬೆನ್ನಿನ ಮೇಲಿನ ಬಿರುಗೂದಲು ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ತುದಿಯಲ್ಲಿ ಅದು ತಾನಾಗಿಯೇ ಎರಡು ಮೂರು ಎಳೆಗಳಾಗಿ ಕವಲೊಡೆಯುತ್ತದೆ. ಬ್ರಷ್ಷಿನ ಗುಣವೆಲ್ಲ ಈ ಕವಲಲ್ಲೇ ಇದೆ. ಕೂದಲನ್ನು ತೊಳೆದು, ಕುದಿಸಿ, ನೆಟ್ಟಗೆ ಮಾಡಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಇನ್ನೊಂದು ಕಡೆ ಬರುವಂತೆ ಕಟ್ಟು ಕಟ್ಟಿ, ಬುಡಕ್ಕೆ ಅಂಟು ಹಾಕಿ ಹಿಡಿಯೊಳಗೆ ಕೂರಿಸುತ್ತಾರೆ. ಒಳ್ಳೆಯ ತಯಾರಕರು ತುದಿಗೆ ಕತ್ತರಿ ತಾಗಿಸುವುದಿಲ್ಲ. ತುದಿ ಕತ್ತರಿಸಿದ ಬ್ರಷ್ ಮೊದಲ ದಿನ ನೋಡಲು ಸಮವಾಗಿ ಚೆಂದ ಕಾಣಬಹುದು, ಆದರೆ ಕೆನ್ನೆಗೆ ಮುಳ್ಳು.

ಈ ಬ್ರಷ್ಷನ್ನು ಇಂದಿಗೂ ಪ್ರೀತಿಯಿಂದ ಉಳಿಸಿಕೊಂಡಿರುವ ದೇಶ ಇಟಲಿ. ಬೊಲೊನ್ಯಾ ನಗರದ ಒಮೆಗಾ ಕಂಪನಿ 1931ರಿಂದ ಬ್ರಷ್ ಕಟ್ಟುತ್ತಿದೆ. ಅಲ್ಲಿನ ಕ್ಷೌರದಂಗಡಿಗಳಿಗೆಂದೇ ಮಾಡಿದ ಉದ್ದ ಕೂದಲಿನ ದೊಡ್ಡ ಬ್ರಷ್ಷುಗಳು ಜಗತ್ತಿನಾದ್ಯಂತ ಹೆಸರಾಗಿವೆ. ಪೋರ್ಚುಗಲ್ಲಿನ ಸೆಮೋಗ್ ಕಂಪನಿಯದೂ ಅದೇ ಪರಂಪರೆ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಬ್ರಷ್ಷಿಗೆ ಕೊಡುವ ಹಣದ ಸಣ್ಣ ಪಾಲಿನಲ್ಲಿ ಇವು ಸಿಗುತ್ತವೆ. ಅಗ್ಗವೆಂದು ಇವನ್ನು ಕೀಳು ದರ್ಜೆಯವು ಎಂದುಕೊಳ್ಳುವುದು ಅನ್ಯಾಯ. ಬ್ಯಾಡ್ಜರ್ ಕೂದಲು ನೀರನ್ನು ಎಳೆಗಳ ನಡುವೆ ಹಿಡಿದಿಟ್ಟುಕೊಳ್ಳುತ್ತದೆ. ಹಂದಿಗೂದಲು ನೀರನ್ನು ತನ್ನೊಳಕ್ಕೇ ಹೀರಿ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೂ ಬುಡದಲ್ಲಿ ಬಿಗಿ ಉಳಿದಿರುತ್ತದೆ. ಗಟ್ಟಿ ಶೇವಿಂಗ್ ಸೋಪನ್ನು ಉಜ್ಜಿ ನೊರೆ ಎಬ್ಬಿಸಲು ಇದಕ್ಕಿಂತ ಒಳ್ಳೆಯ ಕೂದಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಪಳಗಿಸುವ ಬಗೆ. ಹೊಸ ಬ್ರಷ್ಷನ್ನು ಮೊದಲು ಸ್ವಲ್ಪ ಶಾಂಪೂ ಹಾಕಿ ಚೆನ್ನಾಗಿ ತೊಳೆಯಬೇಕು. ಒದ್ದೆಯಾದ ಕೂಡಲೇ ಪ್ರಾಣಿಯ ವಾಸನೆ ಬರುತ್ತದೆ. ಹೆದರಬೇಕಿಲ್ಲ, ಕೆಲವು ತೊಳೆತಗಳಲ್ಲಿ ಹೋಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕೂದಲು ಮಾತ್ರ ಮುಳುಗುವಂತೆ ಅರ್ಧ ಗಂಟೆ ನೆನೆಸಬೇಕು. ಕುದಿಯುವ ನೀರು ಬೇಡವೇ ಬೇಡ: ಕೂದಲು ಹಾಳಾಗುತ್ತದೆ, ಬುಡದ ಅಂಟೂ ಸಡಿಲಗೊಳ್ಳುತ್ತದೆ. ನೆನೆದ ಬ್ರಷ್ಷನ್ನು ಸೋಪಿನ ಮೇಲೆ ಆಡಿಸಿ, ಅಂಗೈಯಲ್ಲಿ ಗುಂಡಗೆ ತಿರುಗಿಸುತ್ತಾ ನೊರೆ ಎಬ್ಬಿಸಬೇಕು. ಆ ನೊರೆಯನ್ನು ತೊಳೆಯದೆ ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ತೊಳೆದು, ಪೂರ್ತಿ ಒಣಗಿಸಬೇಕು. ಮರುದಿನ ಮತ್ತೆ ಅದೇ. ಕೂದಲು ಮೆದುವಾಗುವುದು ನೆನೆಯುವುದರಿಂದಷ್ಟೇ ಅಲ್ಲ, ನೆನೆದು ಒಣಗಿ ಮತ್ತೆ ನೆನೆಯುವುದರಿಂದ. ಪ್ರತಿ ಸುತ್ತಿನಲ್ಲೂ ತುದಿಗಳು ಇನ್ನಷ್ಟು ಸೀಳುತ್ತವೆ. ಅವಸರಪಟ್ಟು ದಿನವಿಡೀ ನೀರಿನಲ್ಲಿ ಇಟ್ಟರೆ ಲಾಭವಿಲ್ಲ.

ಈ ದಿನಗಳಲ್ಲಿ ಎಲ್ಲರನ್ನೂ ಕಾಡುವ ದೂರು ಒಂದಿದೆ. ಅಂಗೈಯಲ್ಲಿ ಗಟ್ಟಿಯಾಗಿ ಎದ್ದ ನೊರೆ ಗಡ್ಡಕ್ಕೆ ಹಚ್ಚುವಷ್ಟರಲ್ಲಿ ಮಾಯವಾಗುತ್ತದೆ. ಬ್ರಷ್ ನೊರೆ ತಿನ್ನುತ್ತದೆ ಎನ್ನುತ್ತಾರೆ. ಸರಿಯಾಗಿ ನೆನೆಯದ ಕೂದಲು ನೊರೆಯಲ್ಲಿರುವ ನೀರನ್ನೇ ಹೀರಿಕೊಳ್ಳುವುದು ಇದಕ್ಕೆ ಕಾರಣ. ಸೋಪನ್ನು ಬದಲಿಸಿದರೆ ಉಪಯೋಗವಿಲ್ಲ. ಸ್ನಾನಕ್ಕೆ ಹೋಗುವ ಮೊದಲೇ ಬ್ರಷ್ಷನ್ನು ಮಗ್ಗಿನ ನೀರಿನಲ್ಲಿ ಇಟ್ಟು, ಬಂದ ಮೇಲೆ ಎರಡು ಸಲ ಝಾಡಿಸಿ, ಸೋಪಿನ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಆಡಿಸಿ. ನೀರನ್ನು ಆಮೇಲೆ ಹನಿ ಹನಿಯಾಗಿ ಸೇರಿಸಿ. ಆರಂಭದಲ್ಲಿ ಒಂದೆರಡು ಕೂದಲು ಉದುರುವುದು ಸಹಜ. ವಾರಗಳಾದರೂ ಗೊಂಚಲಾಗಿ ಉದುರುತ್ತಿದ್ದರೆ ಮಾತ್ರ ಅಂಟಿನ ದೋಷ, ಅದನ್ನು ಹಿಂತಿರುಗಿಸುವುದೇ ಸರಿ.

ದಿನಾ ಬಳಸಿದರೆ ಮೂರು ನಾಲ್ಕು ವಾರಕ್ಕೆ ಬದಲಾವಣೆ ಕೈಗೆ ತಿಳಿಯುತ್ತದೆ. ಬೆಳಕಿಗೆ ಹಿಡಿದರೆ ಪ್ರತಿ ತುದಿಯಲ್ಲೂ ಕವಲು ಕಾಣುತ್ತದೆ, ಬಿಗಿಯಾಗಿದ್ದ ಕಟ್ಟು ಹೂವಿನಂತೆ ಅಗಲವಾಗುತ್ತದೆ. ನೊರೆ ಎರಡನೆಯ ಸುತ್ತಿಗೂ ಮೂರನೆಯ ಸುತ್ತಿಗೂ ಸಾಕಾಗುತ್ತದೆ. ಕೆನ್ನೆಯ ಮೇಲೆ ತುದಿಗಳು ಮೃದು, ಒತ್ತಿದರೆ ಒಳಗೆ ಬೆನ್ನೆಲುಬು. ಈ ಎರಡೂ ಒಟ್ಟಿಗೆ ಸಿಗುವ ಸುಖಕ್ಕಾಗಿ ಅಷ್ಟು ದಿನ ಕಾಯಬಹುದು.

ನಮ್ಮ ಊರುಗಳಲ್ಲಿ ನೀರಿನ ಮಾತನ್ನೂ ಸೇರಿಸಲೇಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಬಿಳಿ ಕಿಟ್ಟವಾಗಿ ಕೂದಲ ಬುಡದಲ್ಲಿ ಕೂರುತ್ತದೆ. ಒಂದು ಲೋಟ ಫಿಲ್ಟರ್ ನೀರನ್ನು ಗಡ್ಡಕ್ಕೆಂದೇ ಎತ್ತಿಟ್ಟರೆ ಸಾಕು, ಬ್ರಷ್ಷಿನ ಅರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಆಗಾಗ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಅದ್ದಿ ತೊಳೆದರೆ ಕಿಟ್ಟ ಬಿಡುತ್ತದೆ.

ಈ ಕೂದಲು ಒಂದು ಕಾಲದಲ್ಲಿ ಯುದ್ಧಸಾಮಗ್ರಿಯೂ ಆಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಡಗು, ಯಂತ್ರಗಳಿಗೆ ಬಣ್ಣ ಬಳಿಯುವ ಬ್ರಷ್ಷುಗಳಿಗೆ ಚೀನಾದ ಹಂದಿಗೂದಲೇ ಬೇಕಿತ್ತು. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸರಕು ಒಯ್ದ ವಿಮಾನಗಳು ಮರಳುವಾಗ ಟಂಗ್‌ಸ್ಟನ್, ತವರದ ಜೊತೆ ಹಂದಿಗೂದಲನ್ನೂ ಹೊತ್ತು ತಂದವು. ಹಲ್ಲುಜ್ಜುವ ಬ್ರಷ್ಷಿನಲ್ಲೂ ಇದೇ ಕೂದಲಿತ್ತು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಟೂತ್‌ಬ್ರಷ್ ಬಂದ ಮೇಲೆ ಅದು ನಿಧಾನವಾಗಿ ಜಾಗ ಬಿಟ್ಟಿತು. ಇನ್ನೊಂದು ಎಚ್ಚರಿಕೆಯೂ ಚರಿತ್ರೆಯಿಂದಲೇ ಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಸರಿಯಾಗಿ ಶುದ್ಧಿಮಾಡದ ಕುದುರೆ ಕೂದಲಿನ ಬ್ರಷ್ಷುಗಳಿಂದ ಬ್ರಿಟನ್, ಅಮೆರಿಕಗಳಲ್ಲಿ ಸೈನಿಕರಿಗೂ ನಾಗರಿಕರಿಗೂ ಆಂಥ್ರಾಕ್ಸ್ ತಗುಲಿತು. 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಷ್ಷುಗಳ ಆಮದನ್ನೇ ನಿಲ್ಲಿಸಿತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಆ ಕಾಲದ ಬ್ರಷ್ಷುಗಳನ್ನು ಮುಖಕ್ಕೆ ತಾಗಿಸದಿರುವುದೇ ಕ್ಷೇಮ.

ನಮ್ಮ ದೇಶದಲ್ಲಿ ಬ್ರಷ್ ಕಟ್ಟುವ ಕಸುಬಿಗೆ ಹೆಸರಾದದ್ದು ಉತ್ತರಪ್ರದೇಶದ ಬಿಜನೋರ್ ಜಿಲ್ಲೆಯ ಶೇರ್‌ಕೋಟ್. ಅಲ್ಲಿನ ಹೆಸರಿಗೆ ಮಸಿ ಬಳಿದದ್ದು ಮುಂಗುಸಿ ಕೂದಲಿನ ಕಳ್ಳವ್ಯಾಪಾರ. ಮುಂಗುಸಿ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಯಾವ ಬ್ರಷ್ ಕೊಳ್ಳುವಾಗಲೂ ಯಾವ ಕೂದಲೆಂದು ಕೇಳಿ; ಮುಂಗುಸಿಯದೆಂದರೆ ಅಲ್ಲಿಂದ ಎದ್ದು ಬನ್ನಿ. ಹಂದಿಯ ಕೂದಲು ಧರ್ಮಕ್ಕೋ ಮನಸ್ಸಿಗೋ ಒಗ್ಗದವರಿಗೆ ಈಗಿನ ಸಿಂಥೆಟಿಕ್ ಬ್ರಷ್ಷುಗಳು ನಿಜಕ್ಕೂ ಚೆನ್ನಾಗಿವೆ, ಅವಕ್ಕೆ ಪಳಗುವ ಗೊಡವೆಯೂ ಇಲ್ಲ.

ಹಂದಿಗೂದಲಿನದನ್ನೇ ಆರಿಸಿಕೊಂಡವರು ಅದನ್ನು ಒಣಗಿಸುವುದರಲ್ಲಿ ಮಾತ್ರ ಉದಾಸೀನ ಮಾಡಬಾರದು. ಡಬ್ಬಿಯೊಳಗೆ ಒದ್ದೆಯಾಗಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಿ, ಬಚ್ಚಲಿನ ಹೊರಗೆ ಗಾಳಿಯಾಡುವ ಕಿಟಕಿಯ ಬಳಿ ಇಡಬೇಕು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಒಂದು ದಿನಕ್ಕೆ ಒಣಗುವ ಮಾತೇ ಇಲ್ಲ. ಎರಡು ಬ್ರಷ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಪಳಗುವುದು ತುಸು ತಡವಾದರೂ ಎರಡೂ ವರ್ಷಗಟ್ಟಲೆ ಬಾಳುತ್ತವೆ.