ಎರಡು ತಂತಿಯ ಮಾತು, ಸಾಲು ದೀಪಗಳ ಕುಣಿತ

ಶಾಲೆಯ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಮಕ್ಕಳು ಮಳೆಯ ಹಾಡಿಗೆ ಕುಣಿಯುತ್ತಿದ್ದಾರೆ. ಗುಡುಗಿನ ಸದ್ದು ಕೇಳಿದೊಡನೆ ಮೇಲೆ ತೂಗುಹಾಕಿದ ದೀಪಗಳೆಲ್ಲ ಒಮ್ಮೆಲೇ ನೀಲಿಯಾಗುತ್ತವೆ. ಮರುಕ್ಷಣ ಮೂಲೆಯ ಒಂದೇ ದೀಪ ಬೆಳ್ಳಗೆ ಮಿಂಚುತ್ತದೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಬಯಲಾಟ ನೋಡಿ ಬೆಳೆದ ಅಜ್ಜನಿಗೆ ಅಚ್ಚರಿ: "ಇಷ್ಟು ದೀಪಕ್ಕೆ ಎಷ್ಟು ಸ್ವಿಚ್ಚು ಬೇಕಪ್ಪಾ?"

ಹಿಂದೆ ಒಂದೊಂದು ದೀಪದ ಬೆಳಕನ್ನು ಏರಿಸಿ ಇಳಿಸಲು ಒಂದೊಂದು ತಂತಿ ಎಳೆಯುತ್ತಿದ್ದುದುಂಟು. ಈಗ ಹಾಗಿಲ್ಲ. ವಿದ್ಯುತ್ತು ಬೇರೆ ತಂತಿಯಲ್ಲಿ ಬರುತ್ತದೆ. 'ನೀಲಿಯಾಗು', 'ಆರು' ಎಂಬ ಅಪ್ಪಣೆಗಳು ಮಾತ್ರ ಜಡೆಯಂತೆ ಹೆಣೆದ ಎರಡು ತೆಳು ತಂತಿಗಳಲ್ಲಿ ದೀಪದಿಂದ ದೀಪಕ್ಕೆ ಸಾಗುತ್ತವೆ. ಈ ತಂತಿ ಪದ್ಧತಿಯ ಹೆಸರು ಆರ್‌ಎಸ್-485. ಅಮೆರಿಕದಲ್ಲಿ 1983ರಲ್ಲಿ ರೂಪುಗೊಂಡದ್ದು. ರಂಗದೀಪಗಳಿಗಾಗಿ ಇದರ ಮೇಲೆ 1986ರಲ್ಲಿ ಕಟ್ಟಿದ ಭಾಷೆ ಡಿಎಂಎಕ್ಸ್-512.

ಒಂದು ತಂತಿ ಸಾಲದೆ? ಎರಡೇಕೆ?

ಮಕ್ಕಳೇ, ಕೆರೆಯಲ್ಲಿ ಒಂದು ದೋಣಿ ಇದೆ ಎನ್ನಿ. ಅದರಲ್ಲಿ ಅಣ್ಣ, ತಂಗಿ ಇದ್ದಾರೆ. ಅಣ್ಣ ನಿಂತು ತಂಗಿ ಕುಳಿತರೆ '1'; ತಂಗಿ ನಿಂತು ಅಣ್ಣ ಕುಳಿತರೆ '0'. ಅಲೆ ಬಂದು ದೋಣಿ ಮೇಲೇಳುತ್ತದೆ, ಕೆಳಗಿಳಿಯುತ್ತದೆ. ಆದರೂ ಯಾರು ನಿಂತಿದ್ದಾರೆ ಎಂಬುದು ದಡದಲ್ಲಿರುವ ಅಜ್ಜಿಗೆ ಸ್ಪಷ್ಟ. ಅಲೆ ಇಬ್ಬರನ್ನೂ ಸಮನಾಗಿಯೇ ಎತ್ತಿತಲ್ಲ! ತಂತಿಗಳ ಕಥೆಯೂ ಇದೇ. ಜನರೇಟರು, ಮೋಟಾರುಗಳ ಗದ್ದಲ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಒಂದೇ ರೀತಿ ಬೀಳುತ್ತದೆ. ದೀಪ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. 0.2 ವೋಲ್ಟಿನಷ್ಟು ವ್ಯತ್ಯಾಸವಿದ್ದರೂ ಅದಕ್ಕೆ ಸಾಕು. ಹೆಣೆದಿರುವುದರಿಂದ ಎರಡೂ ತಂತಿಗಳಿಗೆ ಗದ್ದಲದಲ್ಲಿ ಸಮಪಾಲು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇಂಥ ಜೋಡಿ ತಂತಿಗೆ ಪೇಟೆಂಟ್ ಪಡೆದಿದ್ದರು.

ಯಾವ ಅಪ್ಪಣೆ ಯಾರಿಗೆ?

512 ಬೋಗಿಗಳ ರೈಲನ್ನು ನೆನೆಯಿರಿ. ಪ್ರತಿ ಬೋಗಿಯಲ್ಲಿ 0ಯಿಂದ 255ರೊಳಗಿನ ಒಂದು ಸಂಖ್ಯೆ. ದೀಪಕ್ಕೆ ಮೊದಲೇ 'ನಿನ್ನದು 10ನೇ ಬೋಗಿಯಿಂದ' ಎಂದು ಹೇಳಿರುತ್ತಾರೆ. ಅದು ಎಣಿಸುತ್ತಾ ಕುಳಿತು, 10ರಿಂದ ಕೆಂಪು, 11ರಿಂದ ಹಸಿರು, 12ರಿಂದ ನೀಲಿಯ ಪ್ರಮಾಣ ತೆಗೆದುಕೊಳ್ಳುತ್ತದೆ. ಎರಡು ದೀಪಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ಎರಡೂ ಅವಳಿಗಳಂತೆ ಕುಣಿಯುತ್ತವೆ. ಇಡೀ ರೈಲು ಸೆಕೆಂಡಿಗೆ ಸುಮಾರು 44 ಬಾರಿ ಹಾದುಹೋಗುತ್ತದೆ! ಒಂದು ಸಾಲಿಗೆ ಸಾಮಾನ್ಯವಾಗಿ 32 ದೀಪ ಮಿತಿ. ಹೆಚ್ಚು ಬೇಕಾದರೆ ನಡುವೆ ಸಾಲನ್ನು ಕವಲೊಡೆಸುವ ಪೆಟ್ಟಿಗೆ ಇಡಬೇಕು.

ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳಿ ಬರುತ್ತದಲ್ಲವೆ? ತಂತಿಯ ಕೊನೆ ಮುಟ್ಟಿದ ಸಂಕೇತವೂ ಹಾಗೆಯೇ ಹಿಂದಿರುಗಿ ಹೊಸ ಅಪ್ಪಣೆಗಳೊಡನೆ ಕಲೆಸಿಹೋಗಬಹುದು. ಆಗ ನಾಟಕದ ನಡುವೆ ದೀಪಗಳು ಕಾರಣವಿಲ್ಲದೆ ಮಿಣುಕುತ್ತವೆ. ಮದ್ದು ಸುಲಭ: ಕೊನೆಯ ದೀಪಕ್ಕೆ 120 ಓಮ್‌ನ ಪುಟ್ಟ ರೋಧಕವಿರುವ ಪ್ಲಗ್ ಸಿಕ್ಕಿಸುವುದು. ಅದು ಮಾರ್ದನಿಯನ್ನು ನುಂಗಿಬಿಡುತ್ತದೆ.

ಒಂದು ಎಚ್ಚರಿಕೆಯೂ ಇದೆ. ಈ ರೈಲಿನಲ್ಲಿ ಬಂದ ಸಂಖ್ಯೆ ಸರಿಯೇ ತಪ್ಪೇ ಎಂದು ದೀಪ ಪರೀಕ್ಷಿಸುವುದಿಲ್ಲ. ದೀಪ ಒಂದು ಕ್ಷಣ ತಪ್ಪಿದರೆ ಚಿಂತೆಯಿಲ್ಲ, ಮುಂದಿನ ರೈಲು ಬಂದೇ ಬರುತ್ತದೆ. ಆದರೆ ವೇದಿಕೆಯಲ್ಲಿ ಸಿಡಿಮದ್ದು ಹಚ್ಚುವ ಕೆಲಸವನ್ನು ಇದಕ್ಕೆ ಒಪ್ಪಿಸಲೇಬಾರದು. ಅಲ್ಲಿ ಒಂದು ತಪ್ಪು ಸಂಖ್ಯೆಯೂ ಅನಾಹುತ.

ಕಾರ್ಖಾನೆಯ ಯಂತ್ರಗಳು, ವಿದ್ಯುತ್ ಮೀಟರುಗಳೂ ಇಂಥ ಜೋಡಿ ತಂತಿಯಲ್ಲಿ ಮಾತಾಡುತ್ತವೆ. ನಿಧಾನವಾಗಿ ಆಡಿದರೆ ಮಾತು 1,200 ಮೀಟರ್ ದೂರ ಮುಟ್ಟುತ್ತದೆ. ಅಲ್ಲಿ ಕ್ರಮ ಬೇರೆ, ನಿಮ್ಮ ತರಗತಿಯ ಹಾಜರಿಯಂತೆ: ಹೆಸರು ಕರೆದವರು ಮಾತ್ರ ಉತ್ತರಿಸಬೇಕು. ಇಬ್ಬರು ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸದು.

ಮುಂದಿನ ಸಲ ನಾಟಕಕ್ಕೆ ಹೋದಾಗ ಅಜ್ಜನ ಕೈ ಹಿಡಿದು ತಲೆಯೆತ್ತಿ ನೋಡಿ. ದೀಪದಿಂದ ದೀಪಕ್ಕೆ ಸಾಗುವ ಆ ಕಪ್ಪು ತಂತಿಯನ್ನು ಹುಡುಕಿ, ಕೊನೆಯ ದೀಪದಲ್ಲಿ ಪುಟ್ಟ ಪ್ಲಗ್ ಇದೆಯೇ ಎಂದು ಅಜ್ಜನಿಗೆ ಹೇಳಿ.