ಪಠ್ಯ ಬೇರೆ, ಗುರುತು ಬೇರೆ: ಪಿಎಚ್‌ಪಿಯ ಕಿರುಲೈಬ್ರರಿಯಿಂದ ಎಚ್‌ಟಿಎಂಎಲ್ ರಚನೆ

ಶಾಸನಪಾಠ, ಹಸ್ತಪ್ರತಿ ಸೂಚಿ, ಪದಕೋಶ ಮೊದಲಾದ ಆಕರಸಾಮಗ್ರಿಗಳು ಮುದ್ರಿತ ಸಂಪುಟಗಳಿಂದ ಜಾಲತಾಣಗಳಿಗೆ ಬರತೊಡಗಿದ ಮೇಲೆ, ಸಂಪಾದಕನು ಸಿದ್ಧಪಡಿಸಿದ ಪಾಠಕ್ಕೂ ಸಂಶೋಧಕನ ಕಣ್ಣಿಗೆ ಬೀಳುವ ಪಾಠಕ್ಕೂ ನಡುವೆ ಒಬ್ಬ ಹೊಸ ಮಧ್ಯವರ್ತಿ ಸೇರಿಕೊಂಡಿದ್ದಾನೆ. ದತ್ತಸಂಚಯದಿಂದ ಪಾಠವನ್ನು ತೆಗೆದು ಎಚ್‌ಟಿಎಂಎಲ್ ಪುಟವಾಗಿ ಕಟ್ಟಿಕೊಡುವ ಕ್ರಮವಿಧಿಯೇ ಆ ಮಧ್ಯವರ್ತಿ. ಮೊಳೆ ಜೋಡಿಸುವವನ ತಪ್ಪು ಪುಟದ ಮೇಲೆ ಕಾಣುತ್ತಿತ್ತು. ಒಪ್ಪೋಲೆಯಲ್ಲಿ ಅದನ್ನು ತಿದ್ದಬಹುದಾಗಿತ್ತು. ಕ್ರಮವಿಧಿಯ ತಪ್ಪಾದರೋ ಅನೇಕ ವೇಳೆ ಕಾಣುವುದೇ ಇಲ್ಲ. ಅಕ್ಷರವಿದ್ದ ಜಾಗದಲ್ಲಿ ಏನೂ ಇರುವುದಿಲ್ಲ, ಇರಬೇಕಾಗಿತ್ತು ಎಂಬ ಸುಳಿವೂ ಉಳಿಯುವುದಿಲ್ಲ. ಈ ತಪ್ಪು ಹೇಗೆ ಹುಟ್ಟುತ್ತದೆ, ಪಿಎಚ್‌ಪಿ ಭಾಷೆಯಲ್ಲಿ ಬರೆದ ಒಂದು ಪುಟ್ಟ ಲೈಬ್ರರಿ ಅದನ್ನು ಹೇಗೆ ತಡೆಯಬಲ್ಲುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇಲ್ಲಿ 'ಲೈಬ್ರರಿ' ಎಂದರೆ ಪುಸ್ತಕಭಂಡಾರವಲ್ಲ, ಮತ್ತೆ ಮತ್ತೆ ಬಳಸಲೆಂದು ಬರೆದಿಟ್ಟ ಕ್ರಮವಿಧಿಗಳ ಕಟ್ಟು ಎಂದು ವಾಚಕರು ಗ್ರಹಿಸಬೇಕು.

'ಮಾರ್ಕಪ್' ಎಂಬ ಮಾತು ಮುದ್ರಣಾಲಯದಿಂದಲೇ ಬಂದದ್ದು. ಕೈಬರಹದ ಪ್ರತಿಯ ಮೇಲೆ 'ಇದು ದಪ್ಪಕ್ಷರ', 'ಇಲ್ಲಿ ಹೊಸ ಕಂಡಿಕೆ' ಎಂದು ಸಂಪಾದಕನು ಹಾಕುತ್ತಿದ್ದ ಗುರುತುಗಳಿಗೆ ಆ ಹೆಸರಿತ್ತು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ಎಚ್‌ಟಿಎಂಎಲ್ ಇದೇ ಗುರುತುಗಳನ್ನು ಪಠ್ಯದ ಜೊತೆಯಲ್ಲಿ, ಅದೇ ಸಾಲಿನಲ್ಲಿ ಬರೆಯುತ್ತದೆ. ಕೈಬರಹದಲ್ಲಿ ಗುರುತು ಕೆಂಪು ಶಾಯಿಯಲ್ಲಿ, ಪಠ್ಯ ಕಪ್ಪು ಶಾಯಿಯಲ್ಲಿ ಇರುತ್ತಿತ್ತು. ಗಣಕದಲ್ಲಿ ಎರಡಕ್ಕೂ ಒಂದೇ ಶಾಯಿ. ಕೋನಚಿಹ್ನೆಗಳ ನಡುವೆ ಇದ್ದರೆ ಗುರುತು, ಹೊರಗಿದ್ದರೆ ಪಠ್ಯ. ಮುಂದೆ ವಿವರಿಸಲಿರುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದೇ ಶಾಯಿಯ ಫಲ.

ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ ಅವರು 1994ರಲ್ಲಿ ತಮ್ಮ ಸ್ವಂತ ಪುಟದ ಅಗತ್ಯಕ್ಕಾಗಿ ಬರೆಯತೊಡಗಿ, 1995ರಲ್ಲಿ ಸಾರ್ವಜನಿಕರಿಗೆ ಒದಗಿಸಿದರು. ಎಚ್‌ಟಿಎಂಎಲ್ ಕಡತದ ನಡುವೆಯೇ ಆಜ್ಞೆಗಳನ್ನು ಬರೆಯುವ ಸೌಲಭ್ಯ ಇದರ ಜನಪ್ರಿಯತೆಗೆ ಒಂದು ಮುಖ್ಯ ಕಾರಣ. ಕಲಿಯುವವನು ಮೊದಲ ದಿನವೇ ಒಂದು ಟ್ಯಾಗು, ಅದರ ಪಕ್ಕದಲ್ಲಿ ದತ್ತಸಂಚಯದಿಂದ ಬಂದ ಒಂದು ಮೌಲ್ಯ, ಮತ್ತೆ ಮುಕ್ತಾಯದ ಟ್ಯಾಗು ಎಂದು ಮೂರು ತುಂಡುಗಳನ್ನು ಚುಕ್ಕೆ ಹಾಕಿ ಜೋಡಿಸಿ ಪುಟ ಕಟ್ಟುತ್ತಾನೆ. ಸುಲಭವಾದ ದಾರಿಯೇನೋ ಹೌದು. ಆದರೆ ಹೀಗೆ ಜೋಡಿಸಿದ ಕ್ಷಣದಲ್ಲಿ ಯಾವುದು ಗುರುತು, ಯಾವುದು ಪಠ್ಯ ಎಂಬ ಭೇದ ಅಳಿಸಿಹೋಗುತ್ತದೆ.

ಇದರ ಪರಿಣಾಮವನ್ನು ಒಂದು ಶಾಸನಪಾಠದ ಮೂಲಕ ನೋಡೋಣ. ಬಿ. ಎಲ್. ರೈಸ್ ಅವರ ಕಾಲದಿಂದಲೂ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳ ಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ದೊರೆಯುವುದನ್ನು ಬಲ್ಲೆವು. ಅಂಥ ಪಾಠವೊಂದನ್ನು 1931ರ ಲೈಡನ್ ಸಂಪಾದನಾ ಪದ್ಧತಿಯಂತೆ ಸಿದ್ಧಪಡಿಸಿದ್ದೇವೆ ಎಂದಿಟ್ಟುಕೊಳ್ಳೋಣ. ಕೆತ್ತುವವನು ಕಣ್ತಪ್ಪಿನಿಂದ ಬಿಟ್ಟ ಅಕ್ಷರವನ್ನು ಸಂಪಾದಕನು ಸೇರಿಸಿದರೆ ಅದನ್ನು ಕೋನಾವರಣದಲ್ಲಿ ಬರೆಯುವುದು ಆ ಪದ್ಧತಿ. ಕೀಲಿಮಣೆಯಲ್ಲಿ ಬೆರಳಿಗೆ ಸಿಗುವ ಕೋನಾವರಣ ಎಚ್‌ಟಿಎಂಎಲ್ ಬಳಸುವ < ಮತ್ತು > ಚಿಹ್ನೆಗಳೇ. ಈಗ ಪಾಠವನ್ನು ನೇರವಾಗಿ ಪುಟಕ್ಕೆ ಜೋಡಿಸಿದರೆ ಏನಾಗುತ್ತದೆ? ಕನ್ನಡ ಲಿಪಿಯ ಸಾಲಿನಲ್ಲಿ <ಕ> ಎಂದಿದ್ದರೆ ಹಾಗೆಯೇ ಕಾಣುತ್ತದೆ. ಏಕೆಂದರೆ ಕೋನಚಿಹ್ನೆಯ ನಂತರ ಇಂಗ್ಲಿಷ್ ವರ್ಣಮಾಲೆಯ ಶುದ್ಧ ಅಕ್ಷರ ಬಂದರೆ ಮಾತ್ರ ಬ್ರೌಸರು ಅದನ್ನು ಟ್ಯಾಗಿನ ಆರಂಭವೆಂದು ಭಾವಿಸುತ್ತದೆ. ರೋಮನ್ ಸಾಲಿನಲ್ಲಿ ಅದೇ ಅಕ್ಷರ 'ಕೆ', 'ಎ' ಎಂದಾದಾಗ ಬ್ರೌಸರು ಅದನ್ನು ತನಗೆ ತಿಳಿಯದ ಒಂದು ಟ್ಯಾಗು ಎಂದು ತಿಳಿದು ನುಂಗಿಬಿಡುತ್ತದೆ. ದೋಷಸೂಚನೆಯಿಲ್ಲ, ಖಾಲಿ ಜಾಗವೂ ಇಲ್ಲ. ಇನ್ನೂ ವಿಚಿತ್ರವೆಂದರೆ, ಮೂರ್ಧನ್ಯ ಣಕಾರಕ್ಕೆ ಕೆಳಗೆ ಚುಕ್ಕೆಯಿಟ್ಟು ಬರೆದ ಅಕ್ಷರ ಆವರಣದ ಮೊದಲಲ್ಲಿದ್ದರೆ ಅದು ಉಳಿಯುತ್ತದೆ. ಚುಕ್ಕೆಯಿಲ್ಲದ ನಕಾರವಾದರೆ ಮಾಯವಾಗುತ್ತದೆ. ಕನ್ನಡದ ಸಾಲುಗಳನ್ನಷ್ಟೇ ಓದಿ ಒಪ್ಪಿಗೆ ಕೊಡುವ ಕರಡು ತಿದ್ದುವವರಿಗೆ ಇದು ಎಂದೂ ತಿಳಿಯದು. ಸಂಪಾದಕನು ಪೂರೈಸಿದ ಅಕ್ಷರವನ್ನೇ ಪುಟವು ಮತ್ತೆ ಬಿಟ್ಟಿರುತ್ತದೆ!

ಇದಕ್ಕೆ ಪರಿಹಾರ ಎಲ್ಲರಿಗೂ ತಿಳಿದದ್ದೇ. ಪಠ್ಯದೊಳಗಿನ ಕೋನಚಿಹ್ನೆ, ಉದ್ಧರಣಚಿಹ್ನೆ ಮತ್ತು & ಚಿಹ್ನೆಗಳನ್ನು ಸಂಕೇತರೂಪಕ್ಕೆ ಬದಲಿಸಿ ಬರೆಯಬೇಕು. ಪಿಎಚ್‌ಪಿಯಲ್ಲಿ ಈ ಕೆಲಸಕ್ಕೆ 'ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್' ಎಂಬ ಸಿದ್ಧ ಫಂಕ್ಷನ್ ಇದೆ. ತೊಡಕಿರುವುದು 'ಪ್ರತಿ ಸಲವೂ' ಎಂಬ ಷರತ್ತಿನಲ್ಲಿ. ನೂರು ಕಡೆ ನೆನಪಿಟ್ಟು ಒಂದು ಕಡೆ ಮರೆತರೆ ಆ ಒಂದು ಕಡೆ ರಂಧ್ರ ಉಳಿಯುತ್ತದೆ. ಮರೆತೇನೆಂಬ ಭಯದಿಂದ ಎರಡು ಸಲ ಮಾಡಿದರೆ ಸಂಕೇತವೇ ಪಠ್ಯವಾಗಿ ಪುಟದ ಮೇಲೆ ಕಾಣುತ್ತದೆ. ಅಂಥ ರಂಧ್ರದ ಮೂಲಕ ಅನ್ಯರು ತಮ್ಮ ಆಜ್ಞೆಗಳನ್ನು ಪುಟದೊಳಕ್ಕೆ ತೂರಿಸುವ ಅಪಾಯವನ್ನು ಅಮೆರಿಕದ ಸರ್ಟ್ ಸಮನ್ವಯ ಕೇಂದ್ರವು 2000ದ ಫೆಬ್ರವರಿಯಲ್ಲಿಯೇ ಪ್ರಕಟಿಸಿತ್ತು. 2005ರ ಅಕ್ಟೋಬರಿನಲ್ಲಿ ಮೈಸ್ಪೇಸ್ ತಾಣದಲ್ಲಿ ಹರಡಿದ 'ಸ್ಯಾಮಿ' ಎಂಬ ಹುಳುಕ್ರಮವಿಧಿ ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಮಿಕ್ಕಿದ ಖಾತೆಗಳನ್ನು ತಲುಪಿದ್ದು ಇದೇ ಜಾತಿಯ ರಂಧ್ರದಿಂದ.

ಆದುದರಿಂದ ನೆನಪಿನ ಭಾರವನ್ನು ಮನುಷ್ಯನಿಂದ ಇಳಿಸಿ ರಚನೆಗೆ ವಹಿಸುವುದು ಉಚಿತ. ಕಿರುಲೈಬ್ರರಿ ಮಾಡುವುದು ಇಷ್ಟನ್ನೇ. ಪುಟವನ್ನು ಅಕ್ಷರಗಳ ಒಂದು ದಾರವಾಗಿ ಅಲ್ಲದೆ ಒಂದು ಮರವಾಗಿ ಭಾವಿಸಲಾಗುತ್ತದೆ. ಮರದ ಪ್ರತಿಯೊಂದು ಗಂಟಿಗೂ ಒಂದು ಹೆಸರು, ಕೆಲವು ಗುಣಗಳು, ಒಳಗೆ ಮಕ್ಕಳು. ಮಕ್ಕಳಲ್ಲಿ ಎರಡು ವಿಧ: ಇನ್ನೊಂದು ಗಂಟು, ಇಲ್ಲವೆ ಬರಿಯ ಪಠ್ಯ. ಕ್ರಮವಿಧಿ ನಡೆಯುವ ಉದ್ದಕ್ಕೂ ಇವು ಬೇರೆಬೇರೆ ವಸ್ತುಗಳಾಗಿಯೇ ಇರುತ್ತವೆ. ಕಟ್ಟಕಡೆಗೆ ಪುಟವನ್ನು ಬರೆಯುವಾಗ ಮಾತ್ರ ಮರವನ್ನು ಮೇಲಿಂದ ಕೆಳಕ್ಕೆ ಒಮ್ಮೆ ಸುತ್ತಿ, ಗಂಟು ಸಿಕ್ಕಿದಲ್ಲಿ ಟ್ಯಾಗನ್ನೂ ಪಠ್ಯ ಸಿಕ್ಕಿದಲ್ಲಿ ಸಂಕೇತರೂಪವನ್ನೂ ಬರೆಯುತ್ತದೆ. ಬದಲಾಯಿಸುವ ಆಜ್ಞೆ ಇಡೀ ಲೈಬ್ರರಿಯಲ್ಲಿ ಎರಡೇ ಕಡೆ, ಪಠ್ಯಕ್ಕೊಂದು ಮತ್ತು ಗುಣದ ಮೌಲ್ಯಕ್ಕೊಂದು. ಮರೆಯಲು ಬೇರೆ ಸ್ಥಳವೇ ಇಲ್ಲ.

ಜೆಕ್ ದೇಶದ ಡೇವಿಡ್ ಗ್ರುಡ್ಲ್ ಅವರು ಆರಂಭಿಸಿದ 'ನೆಟ್ಟೆ' ಚೌಕಟ್ಟಿನಲ್ಲಿರುವ ಎಚ್‌ಟಿಎಂಎಲ್ ಎಂಬ ವರ್ಗವನ್ನು ಇದಕ್ಕೆ ಮಾದರಿಯಾಗಿ ನೋಡಬಹುದು. ಅದರಲ್ಲಿ ಪಠ್ಯ ಸೇರಿಸಲು 'ಸೆಟ್‌ಟೆಕ್ಸ್ಟ್', 'ಆ್ಯಡ್‌ಟೆಕ್ಸ್ಟ್' ಎಂಬ ವಿಧಾನಗಳಿವೆ. ಸಿದ್ಧ ಮಾರ್ಕಪ್ಪನ್ನು ಹಾಗೆಯೇ ಸೇರಿಸಲು 'ಸೆಟ್‌ಎಚ್‌ಟಿಎಂಎಲ್', 'ಆ್ಯಡ್‌ಎಚ್‌ಟಿಎಂಎಲ್' ಎಂಬ ಬೇರೆ ವಿಧಾನಗಳಿವೆ. ಅಪಾಯದ ದಾರಿ ಮುಚ್ಚಿಲ್ಲ, ಆದರೆ ಅದಕ್ಕೊಂದು ಪ್ರತ್ಯೇಕ ಹೆಸರಿದೆ ಎಂಬುದು ಮುಖ್ಯ. ಪರಿಶೀಲಕನು ಕಡತಗಳಲ್ಲಿ ಆ ಹೆಸರನ್ನು ಹುಡುಕಿ, ಸಿಕ್ಕಿದ ಕೆಲವೇ ಸ್ಥಳಗಳನ್ನು ಓದಿದರೆ ಸಾಕು. ಉಳಿದವು ಸಣ್ಣ ವಿವರಗಳು: ಗುಣದ ಮೌಲ್ಯ 'ಸತ್ಯ' ಎಂದಿದ್ದರೆ ಹೆಸರು ಮಾತ್ರ ಬರುತ್ತದೆ, 'ಅಸತ್ಯ' ಎಂದಿದ್ದರೆ ಗುಣವೇ ಬರುವುದಿಲ್ಲ, ಚಿತ್ರ, ಅಡ್ಡಗೆರೆ, ಸಾಲುಮುರಿತ ಮೊದಲಾದ ಒಳವಸ್ತುವಿಲ್ಲದ ಟ್ಯಾಗುಗಳಿಗೆ ಮುಕ್ತಾಯ ಬರೆಯಬಾರದಾದ್ದರಿಂದ ಅವುಗಳ ಪಟ್ಟಿಯೊಂದು ಲೈಬ್ರರಿಯೊಳಗೆ ಇರುತ್ತದೆ.

ಕನ್ನಡ ಪಠ್ಯಕ್ಕೆ ವಿಶೇಷವಾಗಿ ಸಂಬಂಧಿಸಿದ ಕೆಲವು ಸಂಗತಿಗಳನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿದೆ. ಇಂಗ್ಲಿಷ್ ಪಠ್ಯವನ್ನಷ್ಟೇ ಮುಂದಿಟ್ಟುಕೊಂಡು ಬರೆದ ಕೈಪಿಡಿಗಳಿಂದ ಇವು ಹೊಳೆಯುವಂಥವಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಪಿಎಚ್‌ಪಿಯ ಹಳೆಯ 'ಸಬ್‌ಸ್ಟ್ರ್' ಫಂಕ್ಷನ್ ಎಣಿಸುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಸೂಚಿಯ ಪಟ್ಟಿಯಲ್ಲಿ ಪ್ರತಿಯೊಂದು ಕೃತಿಯ ವಿವರಣೆಯನ್ನು ಮೊದಲ 100 ಬೈಟುಗಳಿಗೆ ಕತ್ತರಿಸಿ ತೋರಿಸಿದರೆ ಕೆಲವು ನಮೂದುಗಳಲ್ಲಿ ಕತ್ತರಿ ಅಕ್ಷರದ ನಡುವೆಯೇ ಬೀಳುತ್ತದೆ. 2012ರಲ್ಲಿ ಬಂದ 5.4ನೆಯ ಆವೃತ್ತಿಯಿಂದ ಮೇಲೆ ಹೇಳಿದ ಬದಲಾವಣೆಯ ಫಂಕ್ಷನ್ ಪಠ್ಯವನ್ನು ಯುಟಿಎಫ್-8 ಎಂದೇ ಪರಿಗಣಿಸತೊಡಗಿತು. ಒಂದು ಬೈಟು ಕೆಟ್ಟಿದ್ದರೂ ಅದು ಇಡೀ ಪಠ್ಯದ ಬದಲು ಬರಿದಾದ ದಾರವನ್ನು ಹಿಂದಿರುಗಿಸುತ್ತಿತ್ತು. ಹೀಗಾಗಿ ಪಟ್ಟಿಯಲ್ಲಿ ಕೆಲವು ವಿವರಣೆಗಳು ಬಂದು ಕೆಲವು ಬಾರದೆ ಹೋಗುವ ಸ್ಥಿತಿ. ದತ್ತಸಂಚಯದಲ್ಲಿ ನೋಡಿದರೆ ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ! ಕೆಟ್ಟ ಬೈಟಿನ ಜಾಗದಲ್ಲಿ ಬದಲಿಚಿಹ್ನೆಯಿಟ್ಟು ಉಳಿದುದನ್ನು ಕೊಡುವ ಕ್ರಮ 2021ರ 8.1ನೆಯ ಆವೃತ್ತಿಯಲ್ಲಿ ತಾನಾಗಿಯೇ ಜಾರಿಗೆ ಬಂದಿತು. ಒಂಟಿ ಉದ್ಧರಣಚಿಹ್ನೆಯನ್ನು ಬದಲಿಸುವುದೂ ಅಲ್ಲಿಂದಲೇ ಸಹಜ ಕ್ರಮವಾಯಿತು. ಲೈಬ್ರರಿಯು ಆವೃತ್ತಿಯನ್ನು ನಂಬದೆ ಈ ಆಯ್ಕೆಗಳನ್ನು ಸ್ಪಷ್ಟವಾಗಿ ತಾನೇ ಕೊಡುವುದು ಲೇಸು.

ಎರಡನೆಯದು ಗುಣಿತಾಕ್ಷರದ ಪ್ರಶ್ನೆ. ಹುಡುಕಿದ ಪದಭಾಗಕ್ಕೆ ಬಣ್ಣ ಹಚ್ಚಿ ತೋರಿಸುವ ವ್ಯವಸ್ಥೆಯಲ್ಲಿ 'ಕ' ಎಂದು ಹುಡುಕಿದರೆ 'ಕಿ'ಯಲ್ಲಿಯೂ ಅದು ದೊರೆಯುತ್ತದೆ, ಏಕೆಂದರೆ ಯೂನಿಕೋಡಿನಲ್ಲಿ 'ಕಿ' ಎಂಬುದು ಕಕಾರ ಮತ್ತು ಗುಡಿಸು ಎಂಬ ಎರಡು ಸಂಕೇತಗಳ ಜೋಡಿ. ಲೈಬ್ರರಿ ಕಕಾರವನ್ನು ಒಂದು ಗಂಟಿನೊಳಗೆ ಹಾಕಿದರೆ ಗುಡಿಸು ಹೊರಗೆ ಅನಾಥವಾಗಿ ಉಳಿದು, ಕೆಲವು ಬ್ರೌಸರುಗಳಲ್ಲಿ ಚುಕ್ಕೆಗಳ ವೃತ್ತದೊಡನೆ ಕಾಣಿಸುತ್ತದೆ. ಸ್ವರಚಿಹ್ನೆಯ ಮುಂಚೆಯೂ ಹಲಂತದ ನಂತರವೂ ಗಂಟನ್ನು ಕತ್ತರಿಸಬಾರದು ಎಂಬ ನಿಯಮವನ್ನು ಬರೆಯುವವನೇ ಸೇರಿಸಬೇಕಾಗುತ್ತದೆ. ಹಾಗೆಯೇ ಪುಟದ ಮೂಲವನ್ನು ಅಂದವಾಗಿ ಸಾಲು ಮುರಿದು ಬರೆಯುವ ಆಸೆಯೂ ಕೇಡಿನದು. ಎರಡು ಗಂಟುಗಳ ನಡುವೆ ಹಾಕಿದ ಹೊಸ ಸಾಲನ್ನು ಬ್ರೌಸರು ಒಂದು ತೆರಪಾಗಿ ತೋರಿಸುತ್ತದೆ. ಒಂದೇ ಪದದ ಎರಡು ಭಾಗಗಳು ಎರಡು ಪದಗಳಾಗುತ್ತವೆ. ಪದವಿಭಜನೆಯೇ ವಾದದ ವಿಷಯವಾಗಿರುವ ಶಾಸನಪಾಠದಲ್ಲಿ ಇದು ಸಣ್ಣ ಮಾತಲ್ಲ. ನೆಟ್ಟೆಯ ವರ್ಗವು, ಕೇಳಿದ ಹೊರತು ಸಾಲು ಮುರಿಯದಿರುವುದು ಸರಿಯಾದ ಆಯ್ಕೆ.

ಪಿಎಚ್‌ಪಿಯಲ್ಲಿಯೇ ಅಂತರ್ಗತವಾದ ಮರವೊಂದಿರುವಾಗ ಬೇರೆ ಲೈಬ್ರರಿ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. 2004ರ 5ನೆಯ ಆವೃತ್ತಿಯಿಂದ 'ಡಾಮ್‌ಡಾಕ್ಯುಮೆಂಟ್' ಎಂಬ ವರ್ಗ ಅದರಲ್ಲಿದೆ. ಅದು ಮೂಲತಃ ಎಕ್ಸ್‌ಎಂಎಲ್‌ಗಾಗಿ ಕಟ್ಟಿದ್ದು. ಎನ್‌ಕೋಡಿಂಗ್ ಸೂಚಿಸದೆ ಕನ್ನಡದ ಪುಟವನ್ನು ಓದಿಸಿದರೆ ಮೂರು ಬೈಟುಗಳ ಒಂದೊಂದು ಸಂಕೇತವನ್ನೂ ಮೂರು ಲ್ಯಾಟಿನ್ ಸಂಕೇತಗಳೆಂದು ತಿಳಿದು ಕಲಸುತ್ತದೆ; ಬರೆಸಿದರೆ 'ಕ' ಎಂಬುದು &#3221; ಎಂಬ ಅಂಕಿರೂಪದಲ್ಲಿ ಹೊರಬೀಳುತ್ತದೆ. ಹೊಸ ಗಂಟು ಸೃಷ್ಟಿಸುವಾಗ ಜೊತೆಯಲ್ಲೇ ಕೊಟ್ಟ ಪಠ್ಯದಲ್ಲಿನ & ಚಿಹ್ನೆಯನ್ನು ಅದು ಬದಲಿಸುವುದಿಲ್ಲ; ಪಠ್ಯಕ್ಕೆ ಪ್ರತ್ಯೇಕ ಗಂಟನ್ನೇ ಮಾಡಬೇಕು. ಎಚ್‌ಟಿಎಂಎಲ್5ರ ನಿಯಮದಂತೆ ಓದುವ ಹೊಸ ವರ್ಗ 2024ರ ನವೆಂಬರಿನ 8.4ನೆಯ ಆವೃತ್ತಿಯಲ್ಲಿ ಬಂದಿದ್ದು, ಈಗಾಗಲೇ ಇರುವ ಪುಟಗಳನ್ನು ಓದಿ ತಿದ್ದುವ ಕೆಲಸಕ್ಕೆ ಅದನ್ನೇ ಬಳಸುವುದು ಯುಕ್ತ. ಹೊಸದಾಗಿ ಬರೆಯುವುದಷ್ಟೇ ಆದರೆ ಕೆಲವು ನೂರು ಸಾಲುಗಳ ಕಿರುಲೈಬ್ರರಿ ಸಾಕು.

ಆದರೂ ಕಿರುಲೈಬ್ರರಿಯಿಂದ ಎಲ್ಲವೂ ಆಗುತ್ತದೆಂದು ಭಾವಿಸಲಾಗದು. ಕೊಂಡಿಯ ವಿಳಾಸದಲ್ಲಿ 'ಜಾವಾಸ್ಕ್ರಿಪ್ಟ್' ಎಂಬ ಪೂರ್ವಪದವಿಟ್ಟು ಯಾರಾದರೂ ಆಜ್ಞೆ ಬರೆದರೆ, ಚಿಹ್ನೆಗಳ ಬದಲಾವಣೆಯಿಂದ ಅದು ನಿಲ್ಲದು. ಅನುಮತಿಸಿದ ಪೂರ್ವಪದಗಳ ಪಟ್ಟಿಯೊಡನೆ ಹೋಲಿಸಿಯೇ ವಿಳಾಸವನ್ನು ಒಪ್ಪಬೇಕು. ಸ್ಕ್ರಿಪ್ಟ್ ಮತ್ತು ಸ್ಟೈಲ್ ಟ್ಯಾಗುಗಳ ಒಳಗೆ ಈ ಸಂಕೇತರೂಪಗಳಿಗೆ ಅರ್ಥವೇ ಇಲ್ಲವಾದ್ದರಿಂದ, ಅಲ್ಲಿ ಬಳಕೆದಾರರ ಪಠ್ಯವನ್ನು ಲೈಬ್ರರಿಯು ಸ್ವೀಕರಿಸದೆ ದೋಷವೆಂದು ತಿಳಿಸಿ ನಿಲ್ಲುವುದೇ ಒಳ್ಳೆಯದು. ಇಡೀ ಪುಟದ ವಿನ್ಯಾಸವನ್ನು ಮರವಾಗಿ ಬರೆಯಹೊರಟರೆ ವಿನ್ಯಾಸಕಾರರಿಗೆ ಓದಲು ಕಷ್ಟ. ಅದನ್ನು ಟೆಂಪ್ಲೇಟಿಗೆ ಬಿಟ್ಟು, ಪಾಠದ ಸಾಲು, ಪಾಠಾಂತರದ ಟಿಪ್ಪಣಿ, ಸೂಚಿಯ ನಮೂದು ಮೊದಲಾಗಿ ದತ್ತಸಂಚಯದಿಂದ ನೇರವಾಗಿ ಬರುವ ಭಾಗಗಳಿಗಷ್ಟೇ ಲೈಬ್ರರಿಯನ್ನು ಬಳಸಬಹುದು. ಮೊದಲ ಪರೀಕ್ಷೆಗೆ ಕೋನಾವರಣಗಳಿರುವ ಒಂದು ರೋಮನ್ ಪಾಠವನ್ನೂ ಒತ್ತಕ್ಷರಗಳು ತುಂಬಿದ ಒಂದು ಕನ್ನಡ ಪದ್ಯವನ್ನೂ ಆರಿಸಿಕೊಂಡು, ಪುಟದ ಮೇಲೆ ಕಾಣುವುದನ್ನು ಮೂಲಪ್ರತಿಯೊಡನೆ ಅಕ್ಷರಶಃ ತಾಳೆನೋಡಬೇಕು.